ರಕ್ತದಾನಿಯ ಕೈಗೆ ಮೊದಲ ಸಲ 16 ಗೇಜ್ ಸೂಜಿ: ಏನೇನು ಗಮನದಲ್ಲಿಡಬೇಕು?

ಎಂಎಲ್‌ಟಿ_ಮೂರನೇ_ವರ್ಷ

ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ. ಎಂಎಲ್‌ಟಿ (ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ) ಓದ್ತಿದ್ದೀನಿ. ಮುಂದಿನ ವಾರದಿಂದ ರಕ್ತನಿಧಿ ಪೋಸ್ಟಿಂಗ್, ಮೊದಲ ಶಿಬಿರವೇ ಒಂದು ಕಾಲೇಜಿನಲ್ಲಿ. ಹಿರಿಯರು ಪಕ್ಕದಲ್ಲಿ ನಿಂತು ಒಬ್ಬ ದಾನಿಯ ಕೈಗೆ ಸೂಜಿ ಹಾಕಿಸ್ತಾರಂತೆ. ಇಲ್ಲಿವರೆಗೆ 21 ಗೇಜ್ ಸೂಜಿಯಲ್ಲಿ ಸ್ಯಾಂಪಲ್ ತೆಗೆದದ್ದು ಮಾತ್ರ. ಬ್ಯಾಗಿನ ಸೂಜಿ ಬೊಂಬೆ ಕೈಯಲ್ಲಿ ಅಭ್ಯಾಸ ಆಗಿದೆ.

ಕೇಳಬೇಕಿರೋದು ಇಷ್ಟು. ಆ ದಪ್ಪ ಸೂಜಿಯನ್ನು ಎಷ್ಟು ಓರೆಯಲ್ಲಿ, ಎಷ್ಟು ಒತ್ತಿ ಹಾಕಬೇಕು? ಒಳಗೆ ಹೋದ ಮೇಲೆ ರಕ್ತ ಬರದಿದ್ದರೆ ಅಥವಾ ನಡುವೆ ನಿಂತರೆ ಎಷ್ಟರ ಮಟ್ಟಿಗೆ ಸರಿಪಡಿಸಬಹುದು, ಯಾವಾಗ ತೆಗೆದುಬಿಡಬೇಕು? ದಾನಿಗೆ ತಲೆ ಸುತ್ತಿದರೆ ಮೊದಲು ಸೂಜಿ ತೆಗೆಯೋದೋ, ಕಾಲೆತ್ತಿಸೋದೋ? ಪುಸ್ತಕದಲ್ಲಿ ಎಲ್ಲ ಇದೆ, ಆದರೆ ಕ್ರಮ ಸ್ಪಷ್ಟ ಆಗ್ತಿಲ್ಲ.

---

ರಕ್ತನಿಧಿ_ಟೆಕ್ನೀಷಿಯನ್

ದಪ್ಪದ ಲೆಕ್ಕದಿಂದ ಶುರು ಮಾಡೋಣ. 21 ಗೇಜ್ ಸೂಜಿಯ ಹೊರವ್ಯಾಸ ಸುಮಾರು 0.8 ಮಿ.ಮೀ. 16 ಗೇಜ್‌ನದ್ದು ಸುಮಾರು 1.65. ಅಂದರೆ ಎರಡರಷ್ಟು. 350 ಮಿ.ಲೀ. ರಕ್ತ ಐದಾರು ನಿಮಿಷದಲ್ಲಿ, ಹೆಪ್ಪುಗಟ್ಟದೆ, ಕಣಗಳು ಒಡೆಯದೆ ಬರಬೇಕು ಅಂತಲೇ ಇಷ್ಟು ದಪ್ಪ. ನಿಮ್ಮ ಕೈಗೆ ಗೊತ್ತಾಗೋ ಮೊದಲ ವ್ಯತ್ಯಾಸ ಅಂದರೆ ಚರ್ಮ ತಡೆಯುತ್ತೆ. ಹೊಸಬರು ತಪ್ಪುವುದು ಅಲ್ಲೇ. ಚರ್ಮ ತಡೆದ ಕೂಡಲೇ ಕೈ ಹಿಂಜರಿಯುತ್ತೆ, ಸೂಜಿಯ ತುದಿ ಚರ್ಮದಲ್ಲೇ ಅರ್ಧಕ್ಕೆ ನಿಲ್ಲುತ್ತೆ. ದಾನಿಗೆ ಹೆಚ್ಚು ನೋಯುವುದು ಆ ಅರ್ಧದಲ್ಲೇ. ಹಾಕುವ ಮುನ್ನ ಎಷ್ಟು ಬೇಕಾದರೂ ಯೋಚಿಸಿ, ಹಾಕಲು ಶುರು ಮಾಡಿದ ಮೇಲೆ ಒಂದೇ ಸಮನೆ ಹೋಗಬೇಕು. ಜೋರಾಗಿ ಅಲ್ಲ, ತಡೆಯಿಲ್ಲದೆ.

ಅದಕ್ಕೂ ಮುಂಚಿನದ್ದು ರಕ್ತನಾಳದ ಆಯ್ಕೆ. ನನ್ನ ಪ್ರಕಾರ ಮುಕ್ಕಾಲು ಕೆಲಸ ಇಲ್ಲೇ ಮುಗಿಯುತ್ತೆ. ಎರಡೂ ಕೈ ನೋಡಿ. ಬಿಪಿ ಪಟ್ಟಿಯನ್ನು 50ರಿಂದ 60 ಮಿ.ಮೀ. ಪಾದರಸದವರೆಗೆ ಏರಿಸಿ, ದಾನಿಗೆ ಮುಷ್ಟಿ ಬಿಗಿ ಹಿಡಿಯಲು ಹೇಳಿ, ಮೊಣಕೈ ಒಳಮಡಿಕೆಯನ್ನು ಬೆರಳಲ್ಲಿ ಒತ್ತಿ ನೋಡಿ. ಸರಿಯಾದ ನಾಳ ಒತ್ತಿದರೆ ತಗ್ಗಿ, ಬಿಟ್ಟರೆ ಪುಟಿದು ಬರುತ್ತೆ. ಸ್ನಾಯುರಜ್ಜು ಗಟ್ಟಿ ಹಗ್ಗದ ಹಾಗಿದ್ದು ಪುಟಿಯುವುದಿಲ್ಲ. ಮಿಡಿಯುತ್ತಿದ್ದರೆ ಅದು ಅಪಧಮನಿ, ಅಲ್ಲಿಂದ ದೂರ ಇರಿ. ಚರ್ಮದ ಮೇಲೆ ನೀಲಿಯಾಗಿ ಎದ್ದು ಕಾಣುವುದನ್ನು ನಂಬಬೇಡಿ, ಅವು ಬಹಳ ಸಲ ಮೇಲ್ಮೈಯಲ್ಲಿರುವ ಸಣ್ಣ ನಾಳಗಳು, 16 ಗೇಜ್ ತಡೆಯುವುದಿಲ್ಲ. ಕಾಣದೇ ಇದ್ದರೂ ಬೆರಳಿಗೆ ದಪ್ಪಗೆ ಸಿಗುವುದೇ ಒಳ್ಳೆಯದು.

ಮೊದಲ ಆಯ್ಕೆ ಮಧ್ಯದ ಮೀಡಿಯನ್ ಕ್ಯೂಬಿಟಲ್. ಅದು ಸಿಗದಿದ್ದರೆ ಹೆಬ್ಬೆರಳ ಕಡೆಯ ಸೆಫಾಲಿಕ್. ಕಿರುಬೆರಳ ಕಡೆಯ ಬೆಸಿಲಿಕ್ ಎಷ್ಟೇ ಚೆನ್ನಾಗಿ ಕಂಡರೂ ಮೊದಲ ದಿನ ಮುಟ್ಟಬೇಡಿ. ಅದು ಬೆರಳಿಗೆ ಜಾರುತ್ತೆ, ಪಕ್ಕದಲ್ಲೇ ಬ್ರೇಕಿಯಲ್ ಅಪಧಮನಿ, ಮೀಡಿಯನ್ ನರ ಎರಡೂ ಇವೆ.

ಜಾಗ ಗುರುತಾದ ಮೇಲೆ ಪಟ್ಟಿ ಸಡಿಲಿಸಿ, ಆಮೇಲೆ ಚರ್ಮ ಶುದ್ಧ ಮಾಡಿ. 70% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿರುವ 2% ಕ್ಲೋರ್‌ಹೆಕ್ಸಿಡಿನ್ ಆದರೆ 30 ಸೆಕೆಂಡ್ ಉಜ್ಜಿ, 30 ಸೆಕೆಂಡ್ ತಾನಾಗೇ ಒಣಗಲು ಬಿಡಿ. ಸ್ಪಿರಿಟ್, ಪೊವಿಡೋನ್ ಅಯೋಡಿನ್ ಬಳಸುವ ಕಡೆ ನಡುವಿನಿಂದ ಹೊರಕ್ಕೆ ಸುತ್ತುತ್ತಾ ಹೋಗಿ, ಅದೂ ಪೂರ್ತಿ ಒಣಗಬೇಕು. ಊದಿ ಒಣಗಿಸುವುದು, ಹತ್ತಿಯಲ್ಲಿ ಒರೆಸುವುದು ಬೇಡ. ಒದ್ದೆ ಇರುವಾಗಲೇ ಚುಚ್ಚಿದರೆ ಉರಿಯುತ್ತೆ, ಕ್ರಿಮಿಯೂ ಸತ್ತಿರುವುದಿಲ್ಲ. ಶುದ್ಧ ಮಾಡಿದ ಮೇಲೆ "ಇಲ್ಲೇ ಇತ್ತಲ್ವಾ" ಅಂತ ಮತ್ತೆ ಬೆರಳಿಟ್ಟರೆ ಮತ್ತೆ ಮೊದಲಿಂದ ಶುದ್ಧ ಮಾಡಬೇಕು. ಅದಕ್ಕೇ ಗುರುತಿಸುವಾಗಲೇ ಒಂದು ಮಚ್ಚೆಯೋ ಗೆರೆಯೋ ನೋಡಿಟ್ಟುಕೊಳ್ಳಿ.

ಬ್ಯಾಗ್ ಸಿದ್ಧತೆ: ಒತ್ತಿ ನೋಡಿ ಸೋರಿಕೆ ಇಲ್ಲ, ಒಳಗಿನ ದ್ರಾವಣ ತಿಳಿಯಾಗಿದೆ, ಅವಧಿ ಮುಗಿದಿಲ್ಲ ಅನ್ನುವುದು ಖಚಿತ ಆಗಲಿ. ಬ್ಯಾಗ್, ಅದರ ಜತೆಯ ಸಣ್ಣ ಬ್ಯಾಗುಗಳು, ಸ್ಯಾಂಪಲ್ ಟ್ಯೂಬುಗಳು, ದಾನಿಯ ಅರ್ಜಿ, ಎಲ್ಲದರ ಮೇಲೂ ಒಂದೇ ಸಂಖ್ಯೆ ಇರಬೇಕು. ದಾನಿಯ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ. "ನೀವು ಇಂಥವರಲ್ವಾ" ಅಂದರೆ ಗದ್ದಲದಲ್ಲಿ ಯಾರಾದರೂ ಹೂಂ ಅಂದುಬಿಡ್ತಾರೆ. ಬ್ಯಾಗನ್ನು ಮಾನಿಟರ್ (ಬ್ಯಾಗ್ ತೂಗುತ್ತಾ ಅಲುಗಾಡಿಸುವ ಯಂತ್ರ) ಮೇಲಿಟ್ಟು ತೂಕ ಸೊನ್ನೆಗೆ ತನ್ನಿ. ಇನ್ನು ಮರೆಯಲೇಬಾರದ್ದು ಒಂದು: ಸೂಜಿಯ ಮುಚ್ಚಳ ತೆಗೆಯುವ ಮುನ್ನ ಟ್ಯೂಬಿಗೆ ಕ್ಲಾಂಪ್ (ಟ್ಯೂಬನ್ನು ಒತ್ತಿ ಮುಚ್ಚುವ ಕ್ಲಿಪ್) ಹಾಕಿ. ಹಾಕದೆ ಮುಚ್ಚಳ ತೆಗೆದರೆ ಬ್ಯಾಗು ಹೊರಗಿನ ಗಾಳಿ ಎಳೆದುಕೊಳ್ಳುತ್ತೆ, ಆ ಬ್ಯಾಗ್ ಬಳಸುವಂತಿಲ್ಲ.

ಈಗ ಸೂಜಿ. ಸಡಿಲಿಸಿದ್ದ ಪಟ್ಟಿಯನ್ನು ಮತ್ತೆ ಮೊದಲಿನಷ್ಟೇ ಏರಿಸಿ. ಎಡಗೈ ಹೆಬ್ಬೆರಳಿನಿಂದ ಚುಚ್ಚುವ ಜಾಗಕ್ಕಿಂತ ಮೂರ್ನಾಲ್ಕು ಸೆಂ.ಮೀ. ಕೆಳಗೆ ಚರ್ಮವನ್ನು ದಾನಿಯ ಅಂಗೈ ಕಡೆಗೆ ಎಳೆದು ಹಿಡಿಯಿರಿ, ಆಗ ನಾಳ ಜಾರುವುದಿಲ್ಲ. ತೋರುಬೆರಳನ್ನು ಮೇಲ್ಗಡೆ ಇಟ್ಟು ಎರಡೂ ಕಡೆ ಹಿಗ್ಗಿಸಬೇಡಿ, ಸೂಜಿ ಬರುವ ದಾರಿಯಲ್ಲೇ ನಿಮ್ಮ ಬೆರಳಿರುತ್ತೆ. ಸೂಜಿ ತುದಿಯ ಓರೆ ಬಾಯಿ ಮೇಲಕ್ಕೆ. ಚರ್ಮ ದಾಟುವಾಗ ಸುಮಾರು 30 ಡಿಗ್ರಿ. ನಾಳದ ಗೋಡೆ ದಾಟಿದಾಗ ಹಿಡಿತ ಸಡಿಲವಾದಂತೆ ಬೆರಳಿಗೆ ತಿಳಿಯುತ್ತೆ. ಕೂಡಲೇ ಸೂಜಿಯನ್ನು ಹತ್ತು ಡಿಗ್ರಿಯಷ್ಟಕ್ಕೆ ಮಲಗಿಸಿ ಇನ್ನೊಂದು ಸೆಂಟಿಮೀಟರ್ ನಾಳದ ಉದ್ದಕ್ಕೆ ಸಾಗಿಸಿ. ಮಲಗಿಸದೆ ಅದೇ ಓರೆಯಲ್ಲಿ ತಳ್ಳಿದರೆ ಹಿಂದಿನ ಗೋಡೆ ತೂತಾಗುತ್ತೆ. ಹೊಸಬರ ಕೈಯಲ್ಲಿ ಊತ ಬರಲು ಇದೇ ಮುಖ್ಯ ಕಾರಣ. ಆಮೇಲೆ ಕ್ಲಾಂಪ್ ತೆಗೆಯಿರಿ, ಟ್ಯೂಬನ್ನು ಎರಡು ಕಡೆ ಮುಂಗೈಗೆ ಅಂಟಿಸಿ, ಪಟ್ಟಿಯನ್ನು 40ರ ಆಸುಪಾಸಿಗೆ ಇಳಿಸಿ.

ಡೈವರ್ಷನ್ ಪೌಚ್ (ಮೊದಲ ರಕ್ತ ಹಿಡಿಯುವ ಸಣ್ಣ ಚೀಲ) ಇರುವ ಬ್ಯಾಗ್ ಆದರೆ ಮೊದಲ 30 ಮಿ.ಲೀ.ನಷ್ಟು ಅದರೊಳಗೆ ಹೋಗಲಿ. ಚುಚ್ಚಿದಾಗ ಕಿತ್ತುಬಂದ ಚರ್ಮದ ಚೂರು, ಅದರಲ್ಲಿರುವ ಕ್ರಿಮಿ ಬ್ಯಾಗಿಗೆ ಹೋಗದೆ ಅಲ್ಲೇ ಉಳಿಯುತ್ತೆ. ಪೌಚ್ ಕಡೆ ಕ್ಲಾಂಪ್ ಹಾಕಿದ ಮೇಲೆ ಬ್ಯಾಗಿನ ದಾರಿ ತೆರೆಯಿರಿ. ಸ್ಯಾಂಪಲ್ ಪೌಚಿನಿಂದಲೇ.

---

ಶಿಬಿರದ_ಸಿಸ್ಟರ್

ಮೇಲಿನವರು ಕೈ ಬಗ್ಗೆ ಹೇಳಿದ್ದಾರೆ, ನಾನು ಮುಖದ ಬಗ್ಗೆ ಹೇಳ್ತೀನಿ ತಂಗಿ. ಸೂಜಿ ಸರಿಯಾಗಿ ಹೋದ ಮೇಲೆ ನಿಮ್ಮ ಕಣ್ಣು ಬ್ಯಾಗಿನ ಮೇಲಲ್ಲ, ದಾನಿಯ ತುಟಿ ಮೇಲಿರಲಿ.

ಕಾಲೇಜು ಶಿಬಿರ ಅಂದರೆ ತಲೆ ಸುತ್ತುವವರು ಹೆಚ್ಚೇ. 18-20 ವಯಸ್ಸು, ಮೊದಲ ಸಲದ ದಾನ, ತೂಕ ಕಡಿಮೆ, ಬೆಳಿಗ್ಗೆ ತಿಂಡಿ ಬಿಟ್ಟು ಬಂದಿರ್ತಾರೆ, ರಾತ್ರಿ ನಿದ್ದೆ ಆಗಿರಲ್ಲ. ಮಂಚದ ಮೇಲೆ ಮಲಗಿಸೋ ಮುಂಚೆ "ತಿಂಡಿ ಏನು ತಿಂದ್ರಿ, ಎಷ್ಟು ಹೊತ್ತಿಗೆ?" ಅಂತ ಕೇಳಿ. "ತಿಂಡಿ ಆಯ್ತಾ" ಅಂದರೆ ಎಲ್ಲರೂ ಆಯ್ತು ಅಂತಾರೆ. ಏನು ಅಂತ ಕೇಳಿದರೆ ಬರೀ ಟೀ ಕುಡಿದದ್ದು ಹೊರಗೆ ಬರುತ್ತೆ. ಹಾಗಿದ್ದರೆ ಮೊದಲು ಏನಾದರೂ ತಿನ್ನಿಸಿ, ಆಮೇಲೆ ಸರದಿ. ಮಲಗುವ ಹತ್ತಿಪ್ಪತ್ತು ನಿಮಿಷ ಮುಂಚೆ ಅರ್ಧ ಲೀಟರ್ ನೀರು ಕುಡಿಸಿದರೆ ನಿಜವಾಗಲೂ ವ್ಯತ್ಯಾಸ ಆಗುತ್ತೆ.

ರಕ್ತ ಹರಿಯುವಾಗ ಕಾಲು ಒಂದರ ಮೇಲೊಂದು ಹಾಕಿಸಿ, ತೊಡೆ ಐದು ಸೆಕೆಂಡ್ ಬಿಗಿ ಹಿಡಿದು ಐದು ಸೆಕೆಂಡ್ ಬಿಡಲು ಹೇಳಿಕೊಡಿ. ಕಾಲಲ್ಲಿ ನಿಂತ ರಕ್ತ ಮೇಲೆ ಬರುತ್ತೆ. ಮಾಡೋಕೆ ಒಂದು ಕೆಲಸ ಸಿಕ್ಕಿದ್ದರಿಂದ ಹೆದರಿಕೆಯೂ ಇಳಿಯುತ್ತೆ.

ತಲೆ ಸುತ್ತು ಹೇಳದೆ ಬರಲ್ಲ. ಆಕಳಿಕೆ, ಹಣೆ ಮೇಲೆ ಸಣ್ಣ ಬೆವರು, ತುಟಿ ಬಿಳಿಚುವುದು, ಅಷ್ಟು ಹೊತ್ತು ಮಾತಾಡ್ತಿದ್ದವರು ಸುಮ್ಮನಾಗುವುದು. ಇದರಲ್ಲಿ ಒಂದು ಕಂಡರೂ ಸಾಕು. ನೀವು ಕೇಳಿದ ಕ್ರಮ ಹೀಗೆ: ಟ್ಯೂಬಿಗೆ ಕ್ಲಾಂಪ್ ಹಾಕಿ, ಪಟ್ಟಿ ಬಿಡಿ, ಸೂಜಿ ತೆಗೆದು ಒತ್ತಿ ಹಿಡಿಯಿರಿ. ಅದೇ ಹೊತ್ತಿಗೆ ಇನ್ನೊಬ್ಬರನ್ನು ಕೂಗಿ, ಅವರು ತಲೆ ತಗ್ಗಿಸಿ ಕಾಲೆತ್ತಿಸಲಿ. ಒಬ್ಬರೇ ಎರಡೂ ಮಾಡಲು ಹೋಗಿ ಸೂಜಿ ಕೈಯಲ್ಲೇ ಇರುವಾಗ ದಾನಿ ಕೈ ಕೊಡವಿದರೆ ನಾಳ ಹರಿದುಹೋಗುತ್ತೆ. ಮೂರ್ಛೆ ಹೋದವರಲ್ಲಿ ಕೆಲವೊಮ್ಮೆ ಕೈಕಾಲು ಅದುರುವುದೂ ಉಂಟು. ಆಮೇಲೆ ಬಟ್ಟೆ ಸಡಿಲ ಮಾಡಿ, ಹಣೆ ಕತ್ತಿಗೆ ತಣ್ಣನೆ ಬಟ್ಟೆ, ನಾಡಿ ಮತ್ತು ಬಿಪಿ. ಈ ತರದ ಮೂರ್ಛೆಯಲ್ಲಿ ನಾಡಿ ನಿಧಾನ ಇರುತ್ತೆ, ವೇಗ ಅಲ್ಲ. ವೈದ್ಯರಿಗೆ ಹೇಳುವಾಗ ಆ ಸಂಖ್ಯೆ ಹೇಳಿ. ಪೂರ್ತಿ ಎಚ್ಚರ ಬರುವವರೆಗೆ ಬಾಯಿಗೆ ನೀರು ಹಾಕಬೇಡಿ. ವಾಂತಿ ಬರುವಂತಿದ್ದರೆ ಪಕ್ಕಕ್ಕೆ ತಿರುಗಿಸಿ. ಮುಖದ ಸುತ್ತ, ಬೆರಳ ತುದಿ ಜುಮುಜುಮು ಅಂದರೆ ಹೆದರಿ ಜೋರಾಗಿ ಉಸಿರಾಡ್ತಿದ್ದಾರೆ ಅಂತ ಅರ್ಥ. ಮಾತಿಗೆ ಎಳೆದು ನಿಧಾನ ಉಸಿರಾಡಿಸಿ.

ಒಂದು ಮಾತಿನ ಗೊಂದಲ ಇದೆ, ಪುಸ್ತಕದಲ್ಲಿ ಸಿಗಲ್ಲ. ನಮ್ಮ ಜನ ರಕ್ತನಾಳಕ್ಕೂ ನರ ಅಂತಾರೆ, ನಾವೂ ಮಂಚದ ಪಕ್ಕ "ನರ ಸಿಗ್ತಿಲ್ಲ" ಅಂತಲೇ ಮಾತಾಡ್ತೀವಿ. ಹಾಗಾಗಿ ದಾನಿ "ನರ ಹಿಡ್ಕೊಂಡಂಗಾಯ್ತು" ಅಂದಾಗ ಅದು ಬರೀ ಚುಚ್ಚಿದ ನೋವೋ, ನಿಜವಾದ ನರಕ್ಕೆ ತಾಗಿದ್ದೋ ಗೊತ್ತಾಗಲ್ಲ. "ಕರೆಂಟ್ ಹೊಡೆದಂಗೆ ಬೆರಳ ತನಕ ಹೋಯ್ತಾ?" ಅಂತ ಕೇಳಿ. ಹೌದು ಅಂದರೆ ಮರುಮಾತಿಲ್ಲದೆ ಸೂಜಿ ಹೊರಗೆ.

ಮುಗಿದ ಮೇಲೆ ಅವಸರ ಮಾಡಿಸಬೇಡಿ. ಐದು ನಿಮಿಷ ಮಂಚದಲ್ಲೇ ಮಲಗಿರಲಿ, ನಿಧಾನ ಎದ್ದು ಕೂತು, ಆಮೇಲೆ ಕೈ ಹಿಡಿದು ತಿಂಡಿ ಜಾಗಕ್ಕೆ. ಅಲ್ಲಿ ಕಾಲು ಗಂಟೆ. ಮಂಚದಿಂದ ಬಿದ್ದು ಪೆಟ್ಟಾಗುವುದು ಅಪರೂಪ. ಎದ್ದು ನಿಂತಾಗ, ಬಚ್ಚಲಲ್ಲಿ, ಸೆಲ್ಫಿಗೆ ಸಾಲಾಗಿ ನಿಂತಾಗ ಬೀಳ್ತಾರೆ. ಪ್ರಮಾಣಪತ್ರ ಕುರ್ಚಿಯಲ್ಲಿ ಕೂತಲ್ಲಿಗೇ ತಂದುಕೊಡಲು ಸಂಘಟಕರಿಗೆ ಮೊದಲೇ ಹೇಳಿ.

---

ವೈದ್ಯಾಧಿಕಾರಿ_ರಕ್ತಕೇಂದ್ರ

ಎರಡೂ ಉತ್ತರ ಚೆನ್ನಾಗಿವೆ. ರಕ್ತ ಬರದಿದ್ದರೆ ಏನು ಅನ್ನುವ ಪ್ರಶ್ನೆ ಉಳಿದಿದೆ, ಅದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಸೂಜಿ ಮುಟ್ಟಬೇಡಿ, ಹೊರಗಿನದ್ದನ್ನು ನೋಡಿ. ಕ್ಲಾಂಪ್ ಇನ್ನೂ ಹಾಕಿಯೇ ಇದೆಯೇ, ಟ್ಯೂಬ್ ಮಡಚಿದೆಯೇ, ದಾನಿಯ ಕೈ ಅಥವಾ ಬಟ್ಟೆಯ ಕೆಳಗೆ ಸಿಕ್ಕಿದೆಯೇ, ಬ್ಯಾಗು ಕೈಗಿಂತ ಕೆಳಗಿದೆಯೇ. ಪಟ್ಟಿ ಪೂರ್ತಿ ಇಳಿದುಹೋಗಿದ್ದರೂ ಹರಿವು ನಿಲ್ಲುತ್ತದೆ, ಅತಿ ಬಿಗಿಯಾಗಿದ್ದರೂ ನಿಲ್ಲುತ್ತದೆ, ಏಕೆಂದರೆ ಆಗ ಅಪಧಮನಿಯಿಂದ ಕೈಗೆ ಬರುವ ರಕ್ತವೇ ಕಡಿಮೆಯಾಗಿರುತ್ತದೆ. ತೋಳಿನ ಬಿಗಿ ಅಂಗಿಯೂ ಇದನ್ನೇ ಮಾಡುತ್ತದೆ. ದಾನಿ ಕೈಯಲ್ಲಿ ಕೊಟ್ಟ ಚೆಂಡು ಒತ್ತುವುದನ್ನು ಮರೆತಿರಬಹುದು. ಐದಾರು ಸೆಕೆಂಡಿಗೊಮ್ಮೆ ಒತ್ತಿ ಬಿಡಲು ಹೇಳಿ.

ಇವೆಲ್ಲ ಸರಿಯಿದ್ದರೆ ಸೂಜಿಗೆ ಬನ್ನಿ. ಓರೆ ಬಾಯಿ ನಾಳದ ಗೋಡೆಗೆ ಅಂಟಿಕೊಂಡಿದ್ದರೆ ಹಿಡಿಕೆಯನ್ನು ತುಸು ಎತ್ತಿ ಅಥವಾ ತಗ್ಗಿಸಿ. ಹಿಂದಿನ ಗೋಡೆ ದಾಟಿರಬಹುದು ಅನ್ನಿಸಿದರೆ ಒಂದೆರಡು ಮಿಲಿಮೀಟರ್ ಹಿಂದಕ್ಕೆ ಎಳೆಯಿರಿ. ನಾಳ ಮುಟ್ಟಿಲ್ಲ ಅನ್ನಿಸಿದರೆ ಅದೇ ನೇರದಲ್ಲಿ ಅಷ್ಟೇ ಮುಂದಕ್ಕೆ. ನಿಮ್ಮ ಅನುಮತಿ ಇಲ್ಲಿಗೆ ಮುಗಿಯಿತು. ಸೂಜಿಯನ್ನು ಒಳಗೇ ಎಡಕ್ಕೆ ಬಲಕ್ಕೆ ತಿರುಗಿಸಿ ನಾಳ ಹುಡುಕಕೂಡದು. ಚರ್ಮದ ಅಡಿ ಹಾದುಹೋಗುವ ಸಂವೇದನಾ ನರಗಳು ಒಬ್ಬೊಬ್ಬರಲ್ಲಿ ಒಂದೊಂದು ದಾರಿಯಲ್ಲಿರುತ್ತವೆ. ಸೆಫಾಲಿಕ್ ಪಕ್ಕವೂ ಒಂದಿದೆ. ಕೆದಕಿದಾಗ ಅವು ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು, ಜೋಮು ತಿಂಗಳುಗಟ್ಟಲೆ ಉಳಿಯಬಹುದು. ದಾನಿ ರೋಗಿಯಲ್ಲ. ಆರೋಗ್ಯವಾಗಿ ನಡೆದು ಬಂದವರು, ಅವರ ಸ್ವಂತ ಲಾಭಕ್ಕೆ ಮಾಡಿಸಿಕೊಳ್ಳುತ್ತಿರುವ ಕೆಲಸವೂ ಇದಲ್ಲ. ಒಂದು ಬ್ಯಾಗ್ ಹಾಳಾಗುವುದಕ್ಕಿಂತ ಅವರ ಕೈ ದೊಡ್ಡದು.

ಚುಚ್ಚಿದ ಪಕ್ಕದಲ್ಲಿ ಊತ ಏಳುತ್ತಿದ್ದರೆ ರಕ್ತ ಅಂಗಾಂಶಕ್ಕೆ ಸೋರುತ್ತಿದೆ. ಬ್ಯಾಗಿಗೆ ಹರಿವು ಚೆನ್ನಾಗಿದ್ದರೂ ನಿಲ್ಲಿಸಿ. ಮೊದಲು ಪಟ್ಟಿ ಬಿಡಬೇಕು. ಪಟ್ಟಿ ಬಿಗಿಯಿರುವಾಗಲೇ ಸೂಜಿ ಕಿತ್ತರೆ ಊತ ಕಣ್ಣೆದುರೇ ಎರಡರಷ್ಟಾಗುತ್ತದೆ.

ಅಪಧಮನಿಗೆ ಹೋಗಿದ್ದರೆ ರಕ್ತ ಕಡುಗೆಂಪಿನ ಬದಲು ಹೊಳೆಯುವ ಕೆಂಪಿರುತ್ತದೆ, ಸೂಜಿ ನಾಡಿಯ ಜತೆ ಅಲುಗುತ್ತದೆ, ಬ್ಯಾಗು ನಾಲ್ಕು ನಿಮಿಷದೊಳಗೇ ತುಂಬುವ ವೇಗದಲ್ಲಿ ಹರಿಯುತ್ತದೆ. ಹೊಸಬರು ಇದನ್ನು ನೋಡಿ "ಎಷ್ಟು ಚೆನ್ನಾಗಿ ಬಂತು" ಎಂದು ಸಂತೋಷಪಡುವುದೇ ಅಪಾಯ. ಕೂಡಲೇ ಪಟ್ಟಿ ಬಿಟ್ಟು, ಸೂಜಿ ತೆಗೆದು, ಕನಿಷ್ಠ ಹತ್ತು ನಿಮಿಷ ಗಟ್ಟಿಯಾಗಿ ನೀವೇ ಒತ್ತಿ ಹಿಡಿಯಿರಿ, ದಾನಿಯ ಕೈಗೆ ಬಿಡಬೇಡಿ. ವೈದ್ಯರು ಬಂದು ಮಣಿಕಟ್ಟಿನ ನಾಡಿ ನೋಡಬೇಕು.

ಪ್ರಮಾಣದ ಬಗ್ಗೆ. 45 ಕೆ.ಜಿ. ಮೇಲಿದ್ದರೆ 350 ಮಿ.ಲೀ., 55 ಮೇಲಿದ್ದವರಿಂದ 450 ತೆಗೆಯಬಹುದು. ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ/ಡೆ.ಲೀ. ಬ್ಯಾಗಿನಲ್ಲಿ 100 ಮಿ.ಲೀ. ರಕ್ತಕ್ಕೆ 14 ಮಿ.ಲೀ. ಲೆಕ್ಕದಲ್ಲಿ ಸಿಪಿಡಿಎ (ಸಿಟ್ರೇಟ್ ಇರುವ, ರಕ್ತ ಹೆಪ್ಪುಗಟ್ಟದಂತೆ ಕಾಯುವ) ದ್ರಾವಣ ಇರುತ್ತದೆ: 350ರ ಬ್ಯಾಗಿನಲ್ಲಿ 49, 450ರದ್ದರಲ್ಲಿ 63. ಹೆಚ್ಚು ತುಂಬಿದರೆ ಸಿಟ್ರೇಟ್ ಸಾಲದೆ ಹೆಪ್ಪುಗಟ್ಟುತ್ತದೆ, ಕಡಿಮೆ ತುಂಬಿದರೆ ಸಿಟ್ರೇಟ್ ಹೆಚ್ಚಾಗಿ ಕೆಂಪು ಕಣಗಳಿಗೆ ಹಾನಿ. ಹತ್ತು ಶೇಕಡಾ ಆಚೀಚೆ ನಡೆಯುತ್ತದೆ. ಒಂದು ಮಿ.ಲೀ. ರಕ್ತ 1.05 ಗ್ರಾಂ ತೂಗುತ್ತದೆ. ಹಾಗಾಗಿ ಮಿ.ಲೀ. ಲೆಕ್ಕ ತೋರಿಸದ ತಕ್ಕಡಿಯಲ್ಲಿ 350ಕ್ಕೆ 368 ಗ್ರಾಂ, 450ಕ್ಕೆ 473 ಗ್ರಾಂ ಬಂದಾಗ ನಿಲ್ಲಿಸಬೇಕು. ಅಲುಗಾಡಿಸುವ ಮಾನಿಟರ್ ಇಲ್ಲದಿದ್ದರೆ 30ರಿಂದ 45 ಸೆಕೆಂಡಿಗೊಮ್ಮೆ ಕೈಯಲ್ಲೇ ಬ್ಯಾಗ್ ಮಗುಚಿ ಬೆರೆಸಬೇಕು. ಹತ್ತು ನಿಮಿಷದೊಳಗೆ ಮುಗಿಯಬೇಕಾದದ್ದು 12 ನಿಮಿಷ ದಾಟಿದರೆ ಆ ಚೀಲದಿಂದ ಪ್ಲೇಟ್‌ಲೆಟ್ ಮಾಡುವುದಿಲ್ಲ. ಸಮಯ ಬರೆದಿಡಿ, ಪ್ರಯೋಗಾಲಯದವರಿಗೆ ಬೇರೆ ದಾರಿಯಿಂದ ಅದು ತಿಳಿಯುವುದಿಲ್ಲ.

ಒಂದು ಅಭ್ಯಾಸ ದಯವಿಟ್ಟು ಕಲಿಯಬೇಡಿ: ನಾಳ ಎಬ್ಬಿಸಲು ಕೈಗೆ ಪಟಪಟ ಹೊಡೆಯುವುದು. ನೋವಿಗೆ ನಾಳ ಇನ್ನಷ್ಟು ಕುಗ್ಗಬಹುದು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಒಂದೆರಡು ನಿಮಿಷ ಇಟ್ಟು, ಕೈ ಇಳಿಬಿಡಿಸಿದರೆ ಹೆಚ್ಚು ಕೆಲಸವಾಗುತ್ತದೆ.

---

ಎಂಎಲ್‌ಟಿ_ಮೂರನೇ_ವರ್ಷ

ತುಂಬಾ ಧನ್ಯವಾದ ಸರ್, ಸಿಸ್ಟರ್. ಇನ್ನೆರಡು ಸಣ್ಣ ಪ್ರಶ್ನೆ. ಮೊದಲ ಸಲ ತಪ್ಪಿದರೆ ಅದೇ ಸೂಜಿಯಿಂದ ಇನ್ನೊಂದು ಕಡೆ ಪ್ರಯತ್ನಿಸಬಹುದಾ? ಮತ್ತೆ ಕೈ ನಡುಗಿದರೆ ಏನು ಮಾಡೋದು?

---

ರಕ್ತನಿಧಿ_ಟೆಕ್ನೀಷಿಯನ್

ಅದೇ ಸೂಜಿ ಆಗಲ್ಲ. ಸೂಜಿ ಬ್ಯಾಗಿಗೇ ಸೇರಿಕೊಂಡಿರುತ್ತೆ, ಬೇರೆ ಮಾಡಲು ಬರುವುದಿಲ್ಲ, ಒಮ್ಮೆ ಚರ್ಮ ದಾಟಿದ ಮೇಲೆ ಅದು ಶುದ್ಧವೂ ಅಲ್ಲ. ಎರಡನೇ ಪ್ರಯತ್ನ ಅಂದರೆ ಹೊಸ ಬ್ಯಾಗ್, ಇನ್ನೊಂದು ಕೈ, ದಾನಿಯ ಒಪ್ಪಿಗೆ, ಮತ್ತು ಚುಚ್ಚುವವರು ನೀವಲ್ಲ, ನಿಮ್ಮ ಹಿರಿಯರು. ಹೊಸ ಬ್ಯಾಗಿನ ಸಂಖ್ಯೆ ಬೇರೆ ಇರುತ್ತೆ, ಟ್ಯೂಬು, ಅರ್ಜಿ ಎಲ್ಲ ಕಡೆ ಬದಲಿಸಬೇಕು. ಗಡಿಬಿಡಿಯಲ್ಲಿ ಹಳೆ ಸಂಖ್ಯೆಯ ಟ್ಯೂಬಿಗೆ ಸ್ಯಾಂಪಲ್ ಹಾಕಿಬಿಡುವುದು ಇಲ್ಲೇ.

ನಡುಗುವ ಕೈಗೆ ಆಸರೆ ಬೇಕು ಅಷ್ಟೇ. ಬಲಗೈಯ ಉಂಗುರಬೆರಳು, ಕಿರುಬೆರಳನ್ನು ದಾನಿಯ ಮುಂಗೈ ಮೇಲೆ ಊರಿ. ಸೂಜಿ ಹಿಡಿದ ಬೆರಳುಗಳು ಗಾಳಿಯಲ್ಲಿ ತೇಲದಿದ್ದರೆ ತುದಿಯ ನಡುಕ ತೀರಾ ಕಡಿಮೆಯಾಗುತ್ತೆ. ಮಂಚ ತಗ್ಗಿದ್ದರೆ ಬಗ್ಗಿ ನಿಲ್ಲಬೇಡಿ, ಸ್ಟೂಲ್ ಮೇಲೆ ಕೂತು ಹಾಕಿ. ಗ್ಲೌಸ್ ಒಂದು ಅಳತೆ ದೊಡ್ಡದಾದರೂ ಬೆರಳಿಗೆ ನಾಳ ತಿಳಿಯೋದಿಲ್ಲ, ನಿಮ್ಮ ಅಳತೆಯದ್ದು ಹಿಂದಿನ ದಿನವೇ ತೆಗೆದಿಟ್ಟುಕೊಳ್ಳಿ.

---

ಶಿಬಿರದ_ಸಿಸ್ಟರ್

ಸೂಜಿ ತೆಗೆಯೋದನ್ನ ಯಾರೂ ಬರೆದಿಲ್ಲ. ಕ್ಲಾಂಪ್, ಪಟ್ಟಿ ಸಡಿಲ, ಮುಷ್ಟಿ ಸಡಿಲ, ಜಾಗದ ಮೇಲೆ ಗಾಜ್ ಇಟ್ಟುಕೊಳ್ಳಿ, ಸೂಜಿ ಪೂರ್ತಿ ಹೊರಗೆ ಬಂದ ಮೇಲೆ ಒತ್ತಿ. ಒಳಗಿರುವಾಗಲೇ ಒತ್ತಿದರೆ ಸೂಜಿಯ ಅಂಚು ನಾಳ ಕೊಯ್ಯುತ್ತೆ. ಸೂಜಿಗಾಪು (ನೀಡಲ್ ಗಾರ್ಡ್) ಇರುವ ಬ್ಯಾಗ್ ಆದರೆ ಎಳೆಯುವಾಗಲೇ ಸೂಜಿ ಅದರೊಳಗೆ ಹೋಗಿ ಕಚ್ಚಿಕೊಂಡ ಸದ್ದು ಬರಬೇಕು. ದಾನಿ ಮೊಣಕೈ ಮಡಚಬಾರದು, ಕೈ ನೆಟ್ಟಗೆ ಮೇಲೆತ್ತಿ ನಾಲ್ಕೈದು ನಿಮಿಷ ಒತ್ತಿ ಹಿಡಿಯಲಿ. ಮಡಚಿ ಹಿಡಿದವರೇ ಮಾರನೆ ದಿನ ಕೈ ನೀಲಿಗಟ್ಟಿದೆ ಅಂತ ಫೋನ್ ಮಾಡೋದು.

ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಸೂಜಿ ಬಿಳಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ, ಗ್ಲೌಸ್ ಕೆಂಪಿಗೆ. ನಿಮಗೇ ಚುಚ್ಚಿಕೊಂಡರೆ ಹಿಂಡಬೇಡಿ, ಸೋಪು ನೀರಲ್ಲಿ ತೊಳೆದು ಆ ಕ್ಷಣವೇ ಹಿರಿಯರಿಗೆ ಹೇಳಿ. ಎಚ್‌ಐವಿ ತಡೆ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ಕೊನೆಯ ಗಡಿ. ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಆಗಿದೆಯಾ ತಂಗಿ? ಸೊನ್ನೆ, ಒಂದು, ಆರನೇ ತಿಂಗಳು. ಒಂದು ಬಾಕಿ ಇದ್ದರೂ ಪೋಸ್ಟಿಂಗ್ ಶುರುವಾಗೋ ಮುಂಚೆ ಕಾಲೇಜಿನಲ್ಲಿ ಹೇಳಿ ಹಾಕಿಸ್ಕೊಳ್ಳಿ.

---

ಎಂಎಲ್‌ಟಿ_ಮೂರನೇ_ವರ್ಷ

ಮೂರನೇದು ಬಾಕಿ ಇದೆ ಸಿಸ್ಟರ್. ನಾಳೆ ಬೆಳಿಗ್ಗೆಯೇ ಹಾಕಿಸಿಕೊಳ್ತೀನಿ.